ಪಕ್ಕದವರ ವಿಷಯ

ನಕ್ಷೆಯಣ್ಣ ಮೊದಲ ಸಲ ನಮ್ಮ ಕ್ರೈಸ್ತ ಸಭೆಗೆ ಬಂದಾಗ ನಕ್ಷೆ ಅಂಟಿಸಲು ಗೋಡೆ ಹುಡುಕಿದರು. ನಮ್ಮದು ಮುಚ್ಚಿಹೋದ ಫರ್ನಿಚರ್ ಅಂಗಡಿಯೊಂದರ ನೆಲಮಾಳಿಗೆ. ಗೋಡೆಗೆ ಸದಾ ತೇವ. ಅಲ್ಲಿ ಏನೇ ಅಂಟಿಸಿದರೂ ಪಾಸ್ಟರ ಪ್ರಸಂಗ ಮುಗಿಯುವುದರೊಳಗೆ ಕೆಳಗೆ ಬಿದ್ದಿರುತ್ತದೆ. ಅವರ ನಕ್ಷೆಯೂ ಬಿತ್ತು. ಮತ್ತೆ ಅಂಟಿಸಿದರು, ಮತ್ತೆ ಬಿತ್ತು. ಕೊನೆಗೆ ಒಂದು ತುದಿ ನಾನು, ಇನ್ನೊಂದು ತುದಿ ನನ್ನ ಸೊಸೆ ಹಿಡಿದು ನಿಂತೆವು.

ನಕ್ಷೆಯಣ್ಣ ಎಂಬುದು ನಾನಿಟ್ಟ ಹೆಸರು. ಅವರ ನಿಜವಾದ ಹುದ್ದೆ ಸಂಯೋಜಕರು. ದೂರದ ಮಿಷನ್ ಕಚೇರಿಯಿಂದ ದೇಶದೇಶ ಸುತ್ತಿ, ಸಣ್ಣ ಸಭೆ ದೊಡ್ಡದಾಗುವುದು ಹೇಗೆ, ದೊಡ್ಡದಾದ ಸಭೆ ಇನ್ನೊಂದನ್ನು ನೆಡುವುದು ಹೇಗೆ ಎಂದು ಹೇಳಿಕೊಡುವುದು ಅವರ ಕೆಲಸ. ನಮ್ಮ ಸಭೆಯ ಪಾಸ್ಟರು, ಅಂದರೆ ನನ್ನ ಗಂಡ, "ದೇವರ ಸೇವಕರಿಗೆ ಹಾಗೆಲ್ಲ ಅಡ್ಡಹೆಸರು ಇಡಬಾರದು ಕಣೇ" ಎಂದು ನನ್ನನ್ನು ಗದರಿದರು. ವಾರ ಕಳೆಯುವುದರೊಳಗೆ ಅವರ ಬಾಯಲ್ಲೂ ನಕ್ಷೆಯಣ್ಣನೇ ಬಂದು ಕೂತಿದ್ದ.

ತುದಿ ಹಿಡಿದು ನಿಲ್ಲುವುದು ನನಗೂ ಸೊಸೆಗೂ ಅಭ್ಯಾಸದ ಕೆಲಸ. ನಾವಿಬ್ಬರೂ ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ರೋಲರಿನ ಮುಂದೆ ನಿಲ್ಲುವವರು. ಒದ್ದೆ ಬೆಡ್‌ಶೀಟಿನ ಎರಡು ಮೂಲೆಗಳನ್ನು ಇಬ್ಬರು ಹಿಡಿದು, ಒಂದೇ ಬಿಗಿಯಲ್ಲಿ ಎಳೆದು, ರೋಲರಿನ ಬಾಯಿಗೆ ಕೊಡಬೇಕು. ಒಬ್ಬರು ಸಡಿಲ ಬಿಟ್ಟರೂ ಸುಕ್ಕು ಬೀಳುತ್ತದೆ, ಸುಕ್ಕಾದದ್ದು ವಾಪಸ್ ಬರುತ್ತದೆ. ನನ್ನ ಜೊತೆ ಆ ಕೆಲಸಕ್ಕೆ ನಿಂತ ಹುಡುಗಿಯರಲ್ಲಿ ಅರ್ಧ ಜನ ನನ್ನ ಬಾಯಿಗೆ ಹೆದರಿ ಬೇರೆ ವಿಭಾಗ ಕೇಳಿಕೊಂಡು ಹೋದರು. ಇವಳು ಹೋಗಲಿಲ್ಲ. ಅವಳ ದೇಶ ಬೇರೆ, ಭಾಷೆ ಬೇರೆ. ನಾನು ಬೈದದ್ದು ಅವಳಿಗೆ ಅರ್ಥವಾಗುತ್ತಿರಲಿಲ್ಲ ಎನ್ನುವುದೂ ಒಂದು ಕಾರಣ ಇರಬಹುದು. ಲಾಂಡ್ರಿಯ ವ್ಯಾನು ಓಡಿಸುವ ನನ್ನ ಮಗ ಬಟ್ಟೆಮೂಟೆ ಇಳಿಸಲು ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂದು ನಾನು ದಿನಾ ರೇಗುತ್ತಿದ್ದೆ. ಕಾರಣ ಇಡೀ ಲಾಂಡ್ರಿಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಮದುವೆ ಇದೇ ನೆಲಮಾಳಿಗೆಯಲ್ಲಿ ಆಯಿತು. ಮಗ ಸೊಸೆ ನಮ್ಮ ಮನೆಯ ಎದುರು ಬಾಗಿಲಿನ ಒಂದು ಕೋಣೆಯಲ್ಲಿದ್ದಾರೆ, ಊಟ ನಮ್ಮಲ್ಲೇ.

ಆಗಿನ ನಮ್ಮ ಸಭೆ ಒಂದು ಸಂತೆ. ಬಟ್ಟೆ ಒಗೆಯುವವರು, ಆಸ್ಪತ್ರೆ ನೆಲ ಒರೆಸುವವರು, ಹೋಟೆಲಿನಲ್ಲಿ ತರಕಾರಿ ಹೆಚ್ಚುವವರು, ನಮ್ಮ ಹಾಗೆ ದುಡಿಯಲು ಈ ಪರದೇಶಕ್ಕೆ ಬಂದ ಎಲ್ಲ ದೇಶದವರೂ ಇದ್ದರು. ಪಾಸ್ಟರು ನಮ್ಮ ಭಾಷೆಯಲ್ಲಿ ಒಂದು ವಾಕ್ಯ ಹೇಳಿ ನಿಲ್ಲಿಸಬೇಕು. ಒಬ್ಬರು ಅದನ್ನು ಊರಿನ ಭಾಷೆಗೆ ತರಬೇಕು. ಬೇಕರಿಯವರು ಎಂದು ನಾವು ಕರೆಯುವ, ಸೊಸೆಯ ದೇಶದವರೇ ಆದ ಹಿರಿಯರೊಬ್ಬರು ಅದನ್ನು ತಮ್ಮವರಿಗೆ ಹೇಳಬೇಕು. ಪಾಸ್ಟರು ಒಂದು ತಮಾಷೆ ಹೇಳಿದರೆ ನಗು ಮೂರು ಕಂತಿನಲ್ಲಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಅವರು ಶಿಲುಬೆಯ ವಿಷಯಕ್ಕೆ ಹೋಗಿರುತ್ತಿದ್ದರು.

ಈ ಗೋಜಲಿನಿಂದಲೇ ನಮ್ಮಲ್ಲಿ ಒಂದು ಪದ್ಧತಿ ಹುಟ್ಟಿತ್ತು. ಪ್ರಾರ್ಥನೆಯ ವಿಷಯಗಳನ್ನು ಹೇಳುವ ಹೊತ್ತಿನಲ್ಲಿ ಯಾರೂ ತಮ್ಮ ವಿಷಯವನ್ನು ತಾವೇ ಹೇಳುವಂತಿಲ್ಲ. ಪಕ್ಕದವರ ಕಿವಿಯಲ್ಲಿ, ಬಂದಷ್ಟು ಭಾಷೆಯಲ್ಲಿ, ಕೈಸನ್ನೆ ಮಾಡಿಯಾದರೂ ಹೇಳಬೇಕು. ಪಕ್ಕದವರು ಎದ್ದು ನಿಂತು ಅದನ್ನು ತಮ್ಮ ಭಾಷೆಯಲ್ಲಿ, ತಮ್ಮದೇ ವಿಷಯವೇನೋ ಎಂಬಂತೆ ಹೇಳಬೇಕು. 'ಅವಳ ತಾಯಿಗೆ ಮಂಡಿನೋವು' ಎನ್ನುವಂತಿಲ್ಲ, 'ನನ್ನ ತಾಯಿಗೆ ಮಂಡಿನೋವು' ಎನ್ನಬೇಕು. ಏನೂ ಸೇರಿಸಬಾರದು, ಏನೂ ಬಿಡಬಾರದು. ಅರ್ಥವಾದವರೂ ಆಗದವರೂ ಆಮೆನ್ ಅನ್ನಬೇಕು. ಮನೆಗೆ ಹೋದ ಮೇಲೆ ಆ ಮಾತು ಎತ್ತಬಾರದು. ಮೊದಲು ಊರಿನ ಭಾಷೆ ಬಾರದವರಿಗೆ ಅನುಕೂಲವಾಗಲಿ ಎಂದು ಶುರುವಾದದ್ದು, ಆಮೇಲೆ ಎಲ್ಲರಿಗೂ ಅದೇ ರೂಢಿಯಾಯಿತು.

ಸೊಸೆ ಯಾವಾಗಲೂ ನನ್ನ ಪಕ್ಕ ಕೂರುತ್ತಿದ್ದಳು. ಒಂದು ಭಾನುವಾರ ಅವಳು ನನ್ನ ಕಿವಿಯಲ್ಲಿ ಹೇಳಿದ್ದನ್ನು ಎದ್ದು ನಿಂತು ಹೇಳಿದೆ: "ನನ್ನ ಹೊಟ್ಟೆಯಲ್ಲಿದ್ದ ಕೂಸು ಉಳೀಲಿಲ್ಲ. ಇನ್ನೂ ಯಾರಿಗೂ ಹೇಳಿಲ್ಲ." ನನಗೂ ಅದು ಆಗಲೇ ಗೊತ್ತಾದದ್ದು. ಅಜ್ಜಿಯಾಗಬೇಕಿದ್ದವಳು ತಾಯಿಯ ಮಾತು ಆಡಿ ಕೂತೆ. ಮನೆಯಲ್ಲಿ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ಮರುದಿನದಿಂದ ಭಾರದ ಮೂಟೆಗಳನ್ನು ಅವಳಿಗೆ ಮುಟ್ಟಲು ಬಿಡದೆ ನಾನೇ ಎಳೆದು ತಂದೆ, ಅವಳು ಬೇಡ ಎನ್ನಲಿಲ್ಲ.

ಇಷ್ಟನ್ನೆಲ್ಲ ನಕ್ಷೆಯಣ್ಣನಿಗೆ ಹೇಳುವವರು ಯಾರು? ಅವರು ನಕ್ಷೆಯ ಮೇಲೆ ಬಣ್ಣಬಣ್ಣದ ಸ್ಟಿಕ್ಕರ್ ಅಂಟಿಸುತ್ತ ಮಾತಾಡಿದರು. ಅವರ ಭಾಷೆ ಬಲ್ಲ ಪಾಸ್ಟರು ನಮಗೆ ತಿಳಿಸಿದರು: "ಜನ ತಮ್ಮವರ ಮಧ್ಯೆ, ತಮ್ಮ ಭಾಷೇಲಿ ಕೇಳಿದ್ರೆ ಬೇಗ ನಂಬ್ತಾರೆ ಅಂತಾರೆ. ಎಲ್ಲರನ್ನೂ ಒಂದೇ ಕಡೆ ಕೂರಿಸಿದ್ರೆ ಅರ್ಧ ಹೊತ್ತು ಭಾಷಾಂತರಕ್ಕೇ ಹೋಗುತ್ತೆ. ಹೊಸಬರು ಬರಲ್ಲ. ಹೀಗಾಗಿ ಒಂದು ಭಾಷೆಗೆ ಒಂದು ಸಭೆ." ನಮ್ಮ ಭಾಷೆಯವರಿಗೆ ನೀಲಿ, ಸೊಸೆಯ ಭಾಷೆಯವರಿಗೆ ಹಸಿರು, ಊರಿನ ಭಾಷೆಯಲ್ಲಿ ಸುಧಾರಿಸಿಕೊಳ್ಳುವ ಉಳಿದವರಿಗೆ ಹಳದಿ.

ನನ್ನ ಕೈಯಲ್ಲಿದ್ದ ತುದಿಯ ಹತ್ತಿರ ನೀಲಿ ಬಂತು. ಸೊಸೆಯ ಕೈಯ ಹತ್ತಿರ ಹಸಿರು ಬಂತು.

"ಕೇಳಿ ನೋಡ್ರೀ, ನನ್ನ ಮಗನ ಮನೆಗೆ ಯಾವ ಬಣ್ಣ ಅಂತ" ಎಂದೆ.

"ಆಮೇಲೆ ಕೇಳ್ತೀನಿ" ಎಂದರು ಪಾಸ್ಟರು.

ಅವರು ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಗಂಡನಿಗೆ ನಾಲ್ಕು ಭಾಷೆ ಬರುತ್ತದೆ, ಆದರೆ 'ಇಲ್ಲ' ಎನ್ನುವ ಮಾತು ಅದರಲ್ಲಿ ಒಂದರಲ್ಲೂ ಬಾಯಿಗೆ ಬರುವುದಿಲ್ಲ. ಎದುರಿನವರ ಮುಖ ಸಪ್ಪಗಾಗುವುದನ್ನು ನೋಡಲಾರದ ಮನುಷ್ಯ. ಒಳ್ಳೆಯ ಪಾಸ್ಟರಿಗೆ ಅದು ಗುಣ ಇರಬಹುದು, ಹೆಂಡತಿಗೆ ತಲೆನೋವು.

ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸಭೆ ಮೂರಾದ ಮೇಲಿನ ಮೊದಲ ಭಾನುವಾರ ನನ್ನ ಗಂಡ ಯಾರಿಗೂ ಕಾಯದೆ, ನಿಲ್ಲದೆ, ಒಂದೇ ಉಸಿರಿನಲ್ಲಿ ನಮ್ಮ ಭಾಷೆಯಲ್ಲಿ ಪ್ರಸಂಗ ಮಾಡಿದರು. ಅವರು ಅಷ್ಟು ಚೆನ್ನಾಗಿ ಮಾತಾಡುತ್ತಾರೆಂದು ಇಷ್ಟು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. ಹಾಡುಗಳನ್ನು ಗಂಟಲು ಬಿಚ್ಚಿ ಹಾಡಿದೆವು. ಆಸ್ಪತ್ರೆಯ ಅಡುಗೆಯವನೊಬ್ಬ, ಈ ಊರಿಗೆ ಬಂದಾಗಿನಿಂದ ತನ್ನ ಭಾಷೆಯಲ್ಲಿ ಒಂದು ಪ್ರಾರ್ಥನೆ ಕೇಳದವನು, ಹಿಂದಿನ ಸಾಲಿನಲ್ಲಿ ಕೂತು ಮೂಗು ಒರೆಸಿಕೊಳ್ಳುತ್ತಲೇ ಇದ್ದ. ನನಗೂ ಅಳು ಬಂತು. ಮುಂದಿನ ವಾರ ಅವನು ಇನ್ನೂ ನಾಲ್ಕು ಜನರನ್ನು ಕರೆತಂದ. ಪ್ಲಾಸ್ಟಿಕ್ ಕುರ್ಚಿ ಸಾಲದೆ ಹೋಯಿತು. ನಕ್ಷೆಯಣ್ಣ ಹೇಳಿದ್ದು ಹೇಳಿದ ಹಾಗೇ ಆಯಿತು.

ಹಸಿರಿನವರು ಬೇಕರಿಯವರ ಹಿಟ್ಟಿನ ಕೋಣೆಯಲ್ಲಿ ಸೇರತೊಡಗಿದರು. ಅಲ್ಲಿ ಇನ್ನೂ ದೊಡ್ಡ ಆಶ್ಚರ್ಯ ಕಾದಿತ್ತು. ನಮ್ಮಲ್ಲಿ ಪ್ರಾರ್ಥನೆಯ ವಿಷಯ ಬಿಟ್ಟರೆ ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದ ನನ್ನ ಸೊಸೆ ಅಲ್ಲಿ ಎದ್ದು ನಿಂತು ಬೈಬಲ್ ವಾಕ್ಯ ವಿವರಿಸುತ್ತಾಳಂತೆ. ಹೆಂಗಸರು ಅವಳ ಸುತ್ತ ಮುತ್ತುತ್ತಾರಂತೆ. ಮಗನೇ ಬಂದು ಹೇಳಿದ. ಅವನು ಒಂದು ವಾರ ನಮ್ಮಲ್ಲಿ, ಒಂದು ವಾರ ಅಲ್ಲಿ.

"ನಿಂಗೇನು ಅರ್ಥ ಆಗುತ್ತೋ ಅಲ್ಲಿ?" ಎಂದು ಕೇಳಿದೆ.

"ಏನೂ ಇಲ್ಲಮ್ಮ. ಕುರ್ಚಿ ಹಾಕ್ತೀನಿ, ಕುರ್ಚಿ ಎತ್ತಿಡ್ತೀನಿ. ಮಧ್ಯೆ ಅವಳು ಮಾತಾಡೋದು ನೋಡ್ತಾ ಕೂತಿರ್ತೀನಿ. ಚೆನ್ನಾಗಿರುತ್ತೆ."

ನನಗೂ ಹೆಮ್ಮೆಯಾಯಿತು. ಆದರೆ ರೋಲರಿನ ಮುಂದೆ ನಿಂತಾಗ ಏನೋ ಸರಿಹೋಗುತ್ತಿರಲಿಲ್ಲ. ಲಾಂಡ್ರಿಯಲ್ಲಿ ಯಂತ್ರದ ಸದ್ದಿಗೆ ಮಾತು ಕೇಳಿಸುವುದಿಲ್ಲ. ನಮ್ಮ ಮಧ್ಯೆ ನಡೆಯುತ್ತಿದ್ದದ್ದೆಲ್ಲ ಬಿಸಿ, ಒದ್ದೆ, ಕಲೆ, ಹರಿದಿದೆ, ಬೇಗ ಅನ್ನುವಷ್ಟೇ. ಮನೆಯಲ್ಲಿ ಊಟಕ್ಕೆ ಕೂತರೆ ಗಂಡಸರು ಇರುತ್ತಾರೆ. ಅವಳ ಒಳಗಿನ ಸುದ್ದಿ ನನಗೆ ತಲುಪುತ್ತಿದ್ದದ್ದು ಭಾನುವಾರದ ಆ ಒಂದು ಗಳಿಗೆಯಲ್ಲಿ. ಈಗ ನಮ್ಮ ನೀಲಿ ಸಭೆಯಲ್ಲಿ ಎಲ್ಲರೂ ತಮ್ಮ ವಿಷಯವನ್ನು ತಾವೇ, ಬೇಕಾದಷ್ಟು ಉದ್ದ ಹೇಳುತ್ತಾರೆ. ನನ್ನ ಪಕ್ಕದಲ್ಲಿ ಆಸ್ಪತ್ರೆ ಅಡುಗೆಯವನ ಹೆಂಡತಿ ಕೂರುತ್ತಾಳೆ. ಅವಳ ಭಾಷೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅವಳು ಮಾತ್ರ ನನಗೆ ಯಾರೂ ಅಲ್ಲ.

ನಕ್ಷೆಯಣ್ಣ ಎರಡನೇ ಸಲ ಬಂದಾಗ ಹಸಿರು ಸಭೆ ಮರಿ ಹಾಕುವ ಹೊತ್ತು ಬಂದಿತ್ತು. ಬಂದರಿನೂರಿನ ಮೀನು ಪ್ಯಾಕಿಂಗ್ ಕಾರ್ಖಾನೆಗಳಲ್ಲಿ ಸೊಸೆಯ ಭಾಷೆಯವರು ಬಹಳ ಜನ ಇದ್ದಾರೆ, ಅವರಿಗೆ ಒಂದು ಸಭೆಯಿಲ್ಲ. ಅಲ್ಲಿ ಹೋಗಿ ನೆಲೆಸಿ ಸಭೆ ನೆಡಲು ಬೇಕರಿಯವರ ತಮ್ಮ, ಅವನ ಹೆಂಡತಿ, ಮತ್ತು ವಾಕ್ಯ ವಿವರಿಸುವ ಆ ಹುಡುಗಿ, ಈ ಮೂವರು ಹೋಗಬೇಕು ಎಂದು ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತು ನಕ್ಷೆಯಣ್ಣ ಈ ಸುದ್ದಿಯನ್ನು ಬಹಳ ಸಂತೋಷದಿಂದ ಹೇಳಿದರು. ಅವರ ತಟ್ಟೆಗೆ ಬಡಿಸುತ್ತಿದ್ದವಳು ಆ ಹುಡುಗಿಯೇ.

"ಇವಳ ಗಂಡ?" ಎಂದೆ. ಪಾಸ್ಟರು ಕೆಮ್ಮಿದರು. ಈ ಸಲ ನಾನು ಬಿಡಲಿಲ್ಲ. "ಕೇಳ್ರೀ. ಈಗಲೇ ಕೇಳಿ."

ಅವರು ಕೇಳಿದರು. ನಕ್ಷೆಯಣ್ಣ ಚಮಚ ಕೆಳಗಿಟ್ಟು ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು, ಮತ್ತೆ ಸೊಸೆಯನ್ನು ನೋಡಿದರು. ಹಸಿರಿಗೂ ನೀಲಿಗೂ ಮದುವೆಯಾಗಿರಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ. ಲಾಂಡ್ರಿಯ ಗೆಳತಿ, ನನಗೆ ಸಹಾಯಕ್ಕೆ ಬರುತ್ತಾಳೆ ಎಂದುಕೊಂಡಿದ್ದರಂತೆ. ಎರಡು ಸಲ ಇದೇ ಮೇಜಿನಲ್ಲಿ ಉಂಡು, ಈ ಮನೆಯವರೆಲ್ಲರ ಮೇಲೆ ಆಶೀರ್ವಾದ ಬೇಡಿದ ಮನುಷ್ಯ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವರ ಮುಖ ಕೆಂಪಗಾದದ್ದು ನೋಡಿ ಪಾಪ ಅನ್ನಿಸಿತು. ಮೋಸದ ಮನುಷ್ಯ ಅಲ್ಲ. ಎದ್ದು ನಿಂತು ನನ್ನ ಎರಡೂ ಕೈ ಹಿಡಿದು ಕ್ಷಮೆ ಕೇಳಿದರು.

ಆಮೇಲೆ ಚೀಲದಿಂದ ನಕ್ಷೆ ತೆಗೆದು ತಟ್ಟೆಗಳ ನಡುವೆ ಹರಡಿದರು. ಪುಟ್ಟ ಕತ್ತರಿಯಿಂದ ಒಂದು ನೀಲಿ ಸ್ಟಿಕ್ಕರನ್ನೂ ಒಂದು ಹಸಿರು ಸ್ಟಿಕ್ಕರನ್ನೂ ಅರ್ಧರ್ಧ ಕತ್ತರಿಸಿ, ಜೋಡಿಸಿ, ಬಂದರಿನೂರಿನ ಮೇಲೆ ಅಂಟಿಸಿದರು. ಮಗನೂ ಹೋಗಲಿ. ವ್ಯಾನು ಓಡಿಸುವವರು ಎಲ್ಲ ಊರಿಗೂ ಬೇಕು ಎಂದರು.

ನಾನು ಮಗನ ಕಡೆ ನೋಡಿದೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ನನ್ನ ಕಡೆ ನೋಡಿದಳು. ನಾನು ನೀರಿನ ಲೋಟ ತುಂಬಿಸಿದೆ.

"ಕರ್ತನ ಚಿತ್ತ" ಎಂದರು ಪಾಸ್ಟರು.

"ಕರ್ತನ ಚಿತ್ತ" ಎಂದೆ ನಾನೂ.

ನಮ್ಮಂಥವರ ಮನೆಯಲ್ಲಿ ಇದೊಂದು ಕಷ್ಟ. ಕೆಲಸಕ್ಕೆಂದೋ ಓದಿಗೆಂದೋ ಹೊರಟರೆ ಬೇಡ ಎಂದು ಅಡ್ಡ ಮಲಗಬಹುದು. ಸೇವೆಗೆ ಹೊರಟವರಿಗೆ ಹೋಗಬೇಡಿ ಎಂದರೆ ದೇವರಿಗೇ ಅಡ್ಡ ನಿಂತ ಹಾಗೆ. ಅದರಲ್ಲೂ ನಾನು ಪಾಸ್ಟರ ಹೆಂಡತಿ. ಎಷ್ಟು ತಾಯಂದಿರ ಮುಂದೆ ಕೂತು, ಮಕ್ಕಳನ್ನು ಸಂತೋಷದಿಂದ ಕಳಿಸಿಕೊಡಬೇಕಮ್ಮ ಎಂದು ಬುದ್ಧಿ ಹೇಳಿದ್ದೇನೆ. ಈಗ ನನ್ನ ಬಾಗಿಲಿಗೆ ಬಂದಾಗ ಬಾಯಿ ಬಿಡುವುದು ಹೇಗೆ? ಅವಳಿಗಾದರೂ ಹೋಗಲು ಮನಸ್ಸಿದೆ ಎಂದುಕೊಂಡೆ. ಅಲ್ಲಿ ಅವಳೊಬ್ಬ ಉಪದೇಶಕಿ, ಇಲ್ಲಿ ನನ್ನ ರೋಲರಿನ ಇನ್ನೊಂದು ತುದಿ. ಯಾರಾದರೂ ಯಾವುದನ್ನು ಆರಿಸಿಕೊಳ್ಳುತ್ತಾರೆ?

ಮಾರನೆಯ ದಿನ ಯಂತ್ರ ನಿಲ್ಲಿಸಿದ ಹೊತ್ತಿನಲ್ಲಿ, ಮಡಿಸಲು ಉಳಿದ ಶೀಟುಗಳನ್ನು ಹಿಡಿದು ನಿಂತೆವು. ಮಡಿಸುವಾಗ ಇಬ್ಬರೂ ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು.

"ಅಲ್ಲಿ ಚಳಿ ಜಾಸ್ತಿಯಂತೆ" ಎಂದೆ.

"ಹೌದು ಅತ್ತೆ. ಸಮುದ್ರದ ಗಾಳಿ." ನಮ್ಮ ಭಾಷೆಯನ್ನು ಅವಳು ಚಿಕ್ಕ ಚಿಕ್ಕ ತುಂಡು ಮಾಡಿ ಆಡುತ್ತಾಳೆ.

"ದಪ್ಪ ಬಟ್ಟೆ ತಗೊಂಡು ಹೋಗು."

"ತಗೊಳ್ತೀನಿ." ಮೂಲೆಗಳು ನನ್ನ ಕೈಗೆ ಬಂದ ಮೇಲೂ ಅವಳು ಕೈ ಬಿಡಲಿಲ್ಲ. "ಅತ್ತೆ, ಮತ್ತೇನಾದ್ರೂ ಹೇಳ್ತೀರಾ?"

"ಸ್ವೆಟರ್ ನಂದು ಒಂದಿದೆ, ಕೊಡ್ತೀನಿ" ಎಂದೆ. ಅವಳು ಕೈ ಬಿಟ್ಟಳು.

ಕಳಿಸಿಕೊಡುವ ಆರಾಧನೆ ಹಿಟ್ಟಿನ ಕೋಣೆಯಲ್ಲೇ ಇಟ್ಟುಕೊಂಡರು. ನಾವು ಮನೆಯವರೆಂದು ನಮಗೂ ಕರೆ ಬಂತು. ಗೋಡೆಯ ಉದ್ದಕ್ಕೂ ಹಿಟ್ಟಿನ ಮೂಟೆಗಳು, ನಡುವೆ ಬೆಂಚುಗಳು. ಎಲ್ಲರ ಕಪ್ಪು ಬಟ್ಟೆಯ ಮೇಲೂ ಬಿಳಿ ಧೂಳು. ಮುಂದೆ ಬೇಕರಿಯವರು, ಪಕ್ಕದಲ್ಲಿ ನಕ್ಷೆಯಣ್ಣ. ಹೊರಡುವ ನಾಲ್ವರಿಗೆ ಮುಂದಿನ ಬೆಂಚು. ನಾನೂ ಪಾಸ್ಟರೂ ಹಿಂದೆ ಕೂತೆವು. ಹಾಡು, ಪ್ರಸಂಗ ಎಲ್ಲ ಅವರ ಭಾಷೆಯಲ್ಲಿ. ನನ್ನ ಮಗ ಅಲ್ಲಿ ಹೇಗೆ ಕೂರುತ್ತಾನೆಂದು ಆವತ್ತು ಗೊತ್ತಾಯಿತು. ನಾನೂ ಸೊಸೆಯ ಬೆನ್ನನ್ನೇ ನೋಡುತ್ತ ಕೂತೆ. ಅವಳು ನನ್ನ ಸ್ವೆಟರ್ ಹಾಕಿಕೊಂಡಿದ್ದಳು. ಕೋಣೆಯಲ್ಲಿ ಚಳಿಯೇನೂ ಇರಲಿಲ್ಲ.

ಪ್ರಾರ್ಥನೆಯ ವಿಷಯಗಳ ಹೊತ್ತು ಬಂತು. ಒಬ್ಬೊಬ್ಬರೇ ಎದ್ದು ತಮ್ಮದನ್ನು ತಾವು ಹೇಳಿದರು. ಆಗ ಸೊಸೆ ಮುಂದಿನ ಬೆಂಚಿನಿಂದ ಎದ್ದಳು. ಎಲ್ಲರೂ ಅವಳು ಮಾತಾಡುತ್ತಾಳೆಂದುಕೊಂಡರು. ಅವಳು ಸಾಲುಗಳ ನಡುವೆ ನಡೆದು ಬಂದು ನನ್ನ ಪಕ್ಕ ಜಾಗ ಮಾಡಿಕೊಂಡು ಕೂತಳು. ನನ್ನ ಕಿವಿ ತಾನಾಗಿಯೇ ಅವಳ ಕಡೆ ವಾಲಿತು.

ಅವಳು ಹೇಳಿದಳು. ನಾನು ತಲೆ ಎತ್ತಿ ಅವಳ ಮುಖ ನೋಡಿದೆ.

"ಹಾಗೇ ಹೇಳ್ಬೇಕಾ?"

"ಹಾಗೇ" ಎಂದಳು. "ಏನೂ ಬಿಡಬಾರದು."

ಎದ್ದು ನಿಂತೆ. ಮುಂದಿದ್ದ ಬೆಂಚನ್ನು ಹಿಡಿದುಕೊಂಡೆ. ನಮ್ಮ ಭಾಷೆಯಲ್ಲಿ ಹೇಳಿದೆ: "ನಂಗೆ ಹೋಗೋಕೆ ಇಷ್ಟ ಇಲ್ಲ. ನಮ್ಮತ್ತೆ ಒಂದು ಸಲ, ಒಂದೇ ಒಂದು ಸಲ, ಹೋಗ್ಬೇಡ ಇರು ಅಂತ ನಂಗೆ ಹೇಳ್ಲಿ. ಅವರು ಹೇಳ್ತಾ ಇಲ್ಲ. ನಾನು ಹೋದ್ರೆ ಸಾಕು ಅಂತ ಇದ್ದಾರೇನೋ."

ಕೋಣೆಯವರಿಗೆ ಒಂದಕ್ಷರ ತಿಳಿಯಲಿಲ್ಲ. ಮುಂದಿನ ಬೆಂಚಿನಲ್ಲಿ ನನ್ನ ಮಗ ಮಾತ್ರ ಗಕ್ಕನೆ ತಿರುಗಿದ. ಉಳಿದವರು ಮರ್ಯಾದೆಯಿಂದ ಆಮೆನ್ ಎಂದರು. ನಕ್ಷೆಯಣ್ಣ ಮುಂದಿನಿಂದಲೇ ಕತ್ತು ಚಾಚಿ, ಏನು ಹೇಳಿದರು ಎಂದು ಪಾಸ್ಟರನ್ನು ಕಣ್ಣಲ್ಲೇ ಕೇಳಿದರು. ಪಾಸ್ಟರು ಆಮೇಲೆ ಎಂಬಂತೆ ಕೈ ಮಾಡಲು ಹೋಗಿ, ಅರ್ಧಕ್ಕೇ ಕೈ ಇಳಿಸಿದರು.

ನಾನು ಕೂತೆ.

"ಈಗ ನಿಮ್ಮ ವಿಷಯ ಹೇಳಿ ಅತ್ತೆ" ಎಂದು ಸೊಸೆ ಕಿವಿ ಕೊಟ್ಟಳು.

ಇಷ್ಟು ದಿನ ನುಂಗಿಕೊಂಡದ್ದು ಹೊರಗೆ ಬಂದಾಗ ಎರಡೇ ವಾಕ್ಯ ಇತ್ತು. ಅವಳು ಕೇಳಿ, ಕಣ್ಣು ಮುಚ್ಚಿ, ಸ್ವೆಟರಿನ ತೋಳಿನಲ್ಲಿ ಮುಖ ಒರೆಸಿಕೊಂಡು, ಎದ್ದು ನಿಂತಳು. ತನ್ನ ಭಾಷೆಯಲ್ಲಿ, ತನ್ನ ಮಾತೇನೋ ಎಂಬಂತೆ ಹೇಳಿದಳು: ನನ್ನ ಸೊಸೆ ನನ್ನನ್ನು ಬಿಟ್ಟು ಹೋಗದಿರಲಿ. ಅವಳಿಲ್ಲದ ಮನೆ ನನಗೆ ಬೇಡ.

ಈ ಸಲ ಕೋಣೆಯವರಿಗೆಲ್ಲ ಅರ್ಥವಾಯಿತು. ತಲೆಗಳು ಒಂದೊಂದಾಗಿ ತಿರುಗಿ ನನ್ನ ಮೇಲೆ ನಿಂತವು. ಬೇಕರಿಯವರು ನಕ್ಷೆಯಣ್ಣನ ಕಿವಿಯಲ್ಲಿ ಪಿಸುಗುಟ್ಟಿದರು. ನಕ್ಷೆಯಣ್ಣ ನೆಲ ನೋಡಿದರು. ಸೇವೆಗೆ ಹೊರಟವಳನ್ನು ತಡೆಯುವ ಪ್ರಾರ್ಥನೆಗೆ ಆಮೆನ್ ಅನ್ನುವುದು ಹೇಗೆ ಎಂದು ಯಾರಿಗೂ ತೋಚಲಿಲ್ಲ. ಸೊಸೆ ನಿಂತೇ ಇದ್ದಳು. ಆಮೆನ್ ಬಾರದೆ ಕೂರುವಂತಿಲ್ಲ.

"ಆಮೆನ್" ಎಂದು ಯಾರೋ ಗಟ್ಟಿಯಾಗಿ ಹೇಳಿದರು. ನನ್ನ ಎಡಗಡೆಯಿಂದ ಬಂದ ದನಿ. ಪಾಸ್ಟರು ಎದ್ದು ನಿಂತಿದ್ದರು, ಕಣ್ಣು ನೇರ ನಕ್ಷೆಯಣ್ಣನ ಮೇಲಿತ್ತು. ನನ್ನ ಗಂಡ ತಮ್ಮ ಜೀವಮಾನದಲ್ಲಿ ಇನ್ನೊಬ್ಬರ ಮುಖ ನೋಡಿ 'ಇಲ್ಲ' ಎಂದದ್ದು ಅದೊಂದೇ ಸಲ. ಭಾಷಾಂತರ ಬೇಕಾಗಲಿಲ್ಲ. ಮಗ ಎರಡನೆಯವನಾಗಿ ಹೇಳಿದ. ಆಮೇಲೆ ಬೇಕರಿಯವರ ಹೆಂಡತಿ, ಆಮೇಲೆ ಹೆಂಗಸರೆಲ್ಲ. ತಡವಾಗಿ, ತಲೆ ಎತ್ತದೆ, ನಕ್ಷೆಯಣ್ಣನೂ ಹೇಳಿದರು.

ಬಂದರಿನೂರಿಗೆ ಬೇಕರಿಯವರ ತಮ್ಮನೂ ಅವನ ಹೆಂಡತಿಯೂ ಹೋದರು. ತಿಂಗಳಿಗೊಂದು ಭಾನುವಾರ ಮಗ ವ್ಯಾನಿನಲ್ಲಿ ಸೊಸೆಯನ್ನು ಅಲ್ಲಿಗೆ ಕರೆದೊಯ್ಯುತ್ತಾನೆ, ಅವಳು ವಾಕ್ಯ ವಿವರಿಸಿ ಬರುತ್ತಾಳೆ. ನಾನೂ ಹೋಗಿ ಅವಳ ಪಕ್ಕ ಕೂರುತ್ತೇನೆ.

ಕಳಿಸಿಕೊಡುವ ಆರಾಧನೆಯ ಮರುದಿನ ಸೋಮವಾರ. ಹೋಟೆಲುಗಳಿಂದ ಮೂಟೆ ಜಾಸ್ತಿ ಬರುವ ದಿನ. ಒದ್ದೆ ಶೀಟಿನ ನನ್ನ ಮೂಲೆ ಹಿಡಿದು ತಲೆ ಎತ್ತಿದೆ. ಇನ್ನೊಂದು ಮೂಲೆ ಹಿಡಿದು ಅವಳು ನಿಂತಿದ್ದಳು. ಹಿಂದಿನ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

"ಬಿಗಿ ಹಿಡಿ" ಎಂದೆ.

"ಹಿಡಿದಿದ್ದೀನಿ ಅತ್ತೆ" ಎಂದಳು.